ಕೆಂಪು ಕಾರಿಗೆ ಬಗ್ಗಿದ ಮಾವ

ಹೊಟ್ಟಿಕಿಚ್ಚು ಅಂದ್ರ ಏನಂತ ನನ್ನ ಕೇಳ್ರಿ. ಎಪ್ಪತ್ತರ ದಶಕದ ಒಂದು ದಸರಾದಾಗ ನಾನು ಅದರಾಗ ಬೆಂದು ಕರಕಾಗೀನಿ.

ಆಗ ಬಳ್ಳಾರಿ ಪಾರ್ವತಿನಗರದಾಗ ಇಬ್ಬರಷ್ಟೇ ಕೂಡೋ ಸ್ಪೋರ್ಟ್ಸ್ ಕಾರು ಇದ್ದದ್ದು ನನ್ನ ಮನಿ ಮುಂದ ಮಾತ್ರ. ಮದ್ರಾಸಿನಿಂದ ತಂದ ಹಳೇ ಫಾರಿನ್ ಗಾಡಿ. ಮ್ಯಾಲೆ ಕ್ಯಾನ್ವಾಸ್ ಟಾಪು, ಮಡಚಿದ್ರ ಬರೇ ಆಕಾಶ. ಕೌಲ್ ಬಜಾರಿನ ಮೇಸ್ತ್ರಿ ಕೈ ತಾಗದ ಅದು ಬಹಳ ದಿನ ಓಡ್ತಿದ್ದಿಲ್ಲ, ಖರೇ. ಆದ್ರೂ ಕುರುಗೋಡಿನ ನಮ್ಮ ಮಾವ ಪ್ರತಿವರ್ಷ ಬನ್ನಿ ಮುಡಿಯಾಕ ನನ್ನ ಕಾರಿನಾಗ ಹೋಗ್ತಿದ್ರು. ನನ್ನ ಪಕ್ಕ ಕುಂತು, ಊರಮಂದಿಗೆ ಕೈ ಮುಗಿಯೋರು. ಹಿರೇ ಅಳಿಯ ನಾನು. ಆ ಅರ್ಧ ತಾಸಿಗಾಗಿ ವರ್ಷಪೂರ್ತಿ ಕಾಯ್ತಿದ್ದೆ.

ಆ ವರ್ಷ ನನ್ನ ಷಡ್ಡಕ, ಅಂದ್ರ ಹೆಂಡತಿ ತಂಗಿ ಗಂಡ, ಸಿರುಗುಪ್ಪದಾಗ ಅಕ್ಕಿ ಗಿರಣಿ ಇಟ್ಟಾವ, ಅದೇ ಕಂಪನಿಯ ಹೊಸ ಮಾಡಲ್ ತಗೊಂಡು ಮಾವನ ಮನಿಗೆ ಬಂದ. ಕೆಂಪಂದ್ರ ಕೆಂಪು. "ಅಣ್ಣಾರ, ನೋಡ್ರಿ," ಅಂತ ಬಾಗಿಲು ತೆಗೆದ. ನೋಡಿದೆ, ನೋಡಬಾರದಿತ್ತು. ನನ್ನದರಾಗ ಮಳಿ ಬಂದ್ರ ತೊಡಿ ತೋಯ್ತಿತ್ತು. ಅದಕ್ಕ ಗಟ್ಟಿ ತಗಡಿನ ಟಾಪು, ತಿರುವಿದ್ರ ಏರೋ ಗಾಜು. ನಂದು ಬ್ರೇಕ್ ಒತ್ತಿದ್ರ ವಿಚಾರ ಮಾಡಿ ನಿಲ್ತಿತ್ತು. ಅದು ಒತ್ತಿದಲ್ಲೇ ನಿಲ್ತಿತ್ತು. ನಾನು ಮೇಸ್ತ್ರಿ ಮುಂದ ಗೊಣಗಿದ್ದನ್ನೆಲ್ಲ ಯಾರೋ ಕದ್ದು ಕೇಳಿ ಸರಿ ಮಾಡ್ಯಾರ ಅನ್ನಿಸ್ತು.

"ಟಾಪು ಭಾಳ ಕೆಳಗ ಬಂತಲ್ಲಪಾ," ಅಂದೆ. ಏನಾರ ಒಂದು ಕೊಂಕು ತೆಗೀಬೇಕಿತ್ತಲ್ಲ!

"ಜೋರು ಓಡಾಕ ಹಂಗ ಮಾಡ್ಯಾರ್ರೀ," ಅಂದು ನಕ್ಕ. ಆ ನಗು ಕಂಡು ಮೈಯೆಲ್ಲ ಉರೀತು.

ಸಂಜಿಗೆ ಬನ್ನಿ ಗಿಡಕ್ಕ ಹೊಂಡೋ ಹೊತ್ತಾತು. ಮಾವ ಸೀದಾ ಕೆಂಪು ಕಾರಿನ ಕಡೆ ನಡೆದ್ರು. ಒಳಗ ಬಗ್ಗಿದ್ರು, ತಲೀಗೆ ಸುತ್ತಿದ ರುಮಾಲು ಟಾಪಿಗೆ ಬಡೀತು. ಮತ್ತ ಬಗ್ಗಿದ್ರು, ಮತ್ತ ಬಡೀತು. ಅಳಿಯಂದಿರ ಎದುರು ಎಂದೂ ಬರಿತಲೀಲೆ ನಿಂತಾವರಲ್ಲ ಅವರು. ಉಣ್ಣುವಾಗೂ ರುಮಾಲು ತೆಗೀತಿದ್ದಿಲ್ಲ. "ಇದು ನನ್ನಂಥಾವರಿಗಲ್ಲ ಬಿಡಪ್ಪಾ," ಅಂದು ಟಾಪು ಮಡಚಿದ ನನ್ನ ಕಾರಿಗೆ ಬಂದು ಕುಂತ್ರು. ಭಲೇ ನನ್ನ ಮಾವ! ಅಲ್ಲೇ ಕುಣೀಬೇಕು ಅನ್ನಿಸ್ತು.

ಷಡ್ಡಕ ಹಾರ್ನ್ ಹೊಡೆದು ಮುಂದ ಹೋದ. ಅವನ ಕಾರಿನ ಧೂಳೆಲ್ಲ ನಮ್ಮ ಮೈಮ್ಯಾಲೆ. ಮಾವ ಕೆಮ್ಮಿಕೋತ, "ಎಷ್ಟು ನುಣ್ಣಗ ಹೊಂಟೈತಿ ನೋಡ್ರಿ, ತಗ್ಗಿನಾಗೂ ಕುಣಿಯವಲ್ದು," ಅಂದ್ರು. ಕುಂತದ್ದು ನನ್ನ ಕಾರಿನಾಗ, ಹೊಗಳಿದ್ದು ಅವಂದು! ಗಿಡದ ಹತ್ತಿರ ಇಳಿದಾಗ ಅವರ ಬಿಳಿ ಮೀಸಿ ಮಣ್ಣಿನ ಬಣ್ಣ ಆಗಿತ್ತು.

ಬನ್ನಿ ಕೊಟ್ಟು ತಗೊಂಡಾತು. ನಾನು ಓಡಿಬಂದು ಬಾಗಿಲು ತೆಗೆದು ನಿಂತೆ. ಮಾವ ಬಂದ್ರು. ಎರಡೂ ಕೈಲೆ ನಿಧಾನಕ್ಕ ರುಮಾಲು ತೆಗೆದ್ರು. ಅವರ ಬೋಳು ತಲಿ ನಾನು ನೋಡಿದ್ದು ಅವತ್ತ ಮೊದಲು. ರುಮಾಲನ್ನ ನನ್ನ ಪಕ್ಕದ ಸೀಟಿನಾಗ ಇಟ್ಟು, "ಇದನ್ನ ಜ್ವಾಕಿಲೆ ಮನಿಗೆ ತರ್ರಿ," ಅಂದು, ಬರಿತಲೀಲೆ ಬಗ್ಗಿ ಕೆಂಪು ಕಾರಿನೊಳಗ ಕುಂತುಬಿಟ್ರು.

ಗಾಳಿಗೆ ಹಾರಬಾರದಂತ ಒಂದು ಕೈಲೆ ರುಮಾಲು ಅದುಮಿ ಹಿಡಕೊಂಡು ನಾನು ಹಿಂದ ಹೊಂಟೆ. ಊರಮಂದಿ ಎಂದಿನಂಗ ನನ್ನ ಕಾರು ಕಂಡು ಕೈ ಮುಗಿದ್ರು. ಸೀಟಿನಾಗ ಬರೇ ರುಮಾಲಿತ್ತು.