ಮದುವೆ ಮನೆಯಲ್ಲಿ ‘ಇಲ್ಲಿ ಕ್ಲಿಕ್ ಮಾಡಿ’

ತುಂಬಿದ ಮದುವೆ ಮನೆಯಲ್ಲಿ ಅಷ್ಟೂ ಜನ ಕೈಮುಗಿದು ನಿಂತು, ಒಕ್ಕೊರಲಿನಿಂದ “ಹೆಚ್ಚಿನ ಮಾಹಿತಿಗಾಗಿ ಇಲ್ಲಿ ಕ್ಲಿಕ್ ಮಾಡಿ” ಎಂದು ಹೇಳಿದ್ದನ್ನು ನೀವು ಎಲ್ಲಾದರೂ ಕೇಳಿದ್ದೀರಾ?

ನಾನು ಕೇಳಿದ್ದೇನೆ. ಕೇಳುವುದೇನು ಬಂತು, ನಾನೂ ಹೇಳಿದ್ದೇನೆ. ಕಣ್ಣು ಮುಚ್ಚಿಕೊಂಡು, ಭಕ್ತಿಯಿಂದ.

ಹೋದ ವರ್ಷ ಮಳವಳ್ಳಿಯಲ್ಲಿ ನಮ್ಮಕ್ಕನ ಮಗನ ಮದುವೆ. ನಮ್ಮದು ಬೌದ್ಧ ಕುಟುಂಬ. ನಮ್ಮಲ್ಲಿ ಹಿರಿಯರೊಬ್ಬರು ಮುಂದೆ ನಿಂತು ಹೇಳಿಕೊಡುತ್ತಾರೆ. ತ್ರಿಶರಣ, ಪಂಚಶೀಲ, ಹರಸುವ ಮಾತು ಇವನ್ನೆಲ್ಲ ಬಂದವರೂ ದನಿಗೂಡಿಸಿ ಹೇಳಬೇಕು. ಅಕ್ಷತೆ ಹಾಕಿ ಊಟದ ಸಾಲಿಗೆ ಓಡುವ ಹಾಗಿಲ್ಲ. (ಓಡುವವರು ಓಡುತ್ತಾರೆ, ಆ ಮಾತು ಬೇರೆ.) ಎಲ್ಲರಿಗೂ ಬಾಯಿಪಾಠ ಇರುವುದಿಲ್ಲವಲ್ಲ? ಅದಕ್ಕೇ ಒಂದು ಕಿರುಪುಸ್ತಕ ಅಚ್ಚು ಹಾಕಿಸಿ ಬಾಗಿಲಲ್ಲೇ ಹಂಚುತ್ತೇವೆ.

ಆ ಪುಸ್ತಕವನ್ನು ಮದುಮಗನ ಗೆಳೆಯರು ಇಂಟರ್‌ನೆಟ್‌ನಿಂದ ಅಲ್ಲಿಷ್ಟು ಇಲ್ಲಿಷ್ಟು ಕಾಪಿ ಹೊಡೆದು ಮಾಡಿದ್ದರು. ಹೇಳಿಕೊಡಲು ನಿಂತಿದ್ದ ನಿವೃತ್ತ ಮೇಷ್ಟ್ರು ಮೊದಲೇ ಮೈಕಿನಲ್ಲಿ ಸಾರಿದ್ದರು, “ಕೆಳಗೆ ಗೆರೆ ಎಳೆದಿರೋದನ್ನ ಎಲ್ಲರೂ ಒಟ್ಟಿಗೆ ಹೇಳಿ.” ಲಿಂಕುಗಳ ಕೆಳಗೂ ಗೆರೆ ಇರುತ್ತದೆಂದು ಅವರಿಗೇನು ಗೊತ್ತು, ಪಾಪ? ಪಂಚಶೀಲ ಮುಗಿಯಿತು. ಪುಟ ತಿರುಗಿಸಿದೆವು. ಗೆರೆ ಕಂಡಿತು. ಹೇಳಿದೆವು.

ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆಮೇಲೆ ನೋಡಿ ನಗು! ಮದುಮಕ್ಕಳೂ ನಕ್ಕರು, ಮೇಷ್ಟ್ರೂ ನಕ್ಕರು. ನಗದೇ ಇದ್ದವರು ಒಬ್ಬರೇ, ನಮ್ಮ ಭಾವ ಸಿದ್ದರಾಜು.

ಭಾವ ಗೆಜ್ಜಲಗೆರೆಯ ಫ್ಯಾಕ್ಟರಿಯೊಂದರಲ್ಲಿ ಸೂಪರ್‌ವೈಸರ್. ಮದುವೆಗೆ ಬಂದಿದ್ದ ಜೊತೆ ಕೆಲಸಗಾರರು ಸುಮ್ಮನೆ ಬಿಡುತ್ತಾರೆಯೇ? ಕ್ಯಾಂಟೀನಿನಲ್ಲಿ ಇವರನ್ನು ಕಂಡರೆ ಸಾಕು, “ಏನ್ಲಾ ಸಿದ್ರಾಜ, ಕ್ಲಿಕ್ ಮಾಡ್ಲಾ?” ಎನ್ನುತ್ತಿದ್ದರಂತೆ. ಅವರಿಗದು ತಮಾಷೆ. ಇವರಿಗೆ ಮಗನ ಮದುವೆ.

ಈ ವರ್ಷ ಮಗಳು ಸುಜಾತಳ ಮದುವೆ ಗೊತ್ತಾಯಿತು, ಮದ್ದೂರಿನ ಸಮುದಾಯ ಭವನದಲ್ಲಿ. ಭಾವ ಆರ್ಡರ್ ಪಾಸ್ ಮಾಡಿಬಿಟ್ಟರು. “ಪುಸ್ತಕಾನೂ ಬ್ಯಾಡ, ಎಲ್ರೂ ಯೋಳೋದೂ ಬ್ಯಾಡ. ಮೇಷ್ಟ್ರೊಬ್ರೇ ಯೋಳ್ಕೊಳ್ಳಿ. ನಾವು ಬಾಯ್ ಮುಚ್ಕೊಂಡು ಕೂತಿರಾನ.”

ಸುಜಾತ ಶಾಲೆಯಲ್ಲಿ ಟೀಚರ್. ಹಟದಲ್ಲಿ ಅಪ್ಪನ ಮಗಳೇ. ತನ್ನ ಮದುವೆಯ ಮಾತನ್ನು ಎಲ್ಲರೂ ಹೇಳಬೇಕು, ಅದರಲ್ಲೂ ಅಪ್ಪ ಹೇಳಬೇಕು ಎನ್ನುವುದು ಅವಳ ಆಸೆ. ಚಿಕ್ಕಂದಿನಲ್ಲಿ ಅವಳಿಗೆ ಪಂಚಶೀಲ ಬಾಯಿಪಾಠ ಮಾಡಿಸಿದವರೇ ಭಾವ. ಗುದ್ದಾಡಿ ಗುದ್ದಾಡಿ ಕೊನೆಗೆ ಒಂದು ರಾಜಿ ಆಯಿತು: ಪುಸ್ತಕವನ್ನು ಸುಜಾತಳೇ ಮಾಡಬೇಕು, ಅಚ್ಚಿಗೆ ಹೋಗುವ ಮೊದಲು ಅಪ್ಪ ನೋಡಬೇಕು. ಎಲ್ಲಾದರೂ ಲಿಂಕಿನ ಒಂದು ನೀಲಿ ಅಕ್ಷರ ಕಂಡರೆ ಪುಸ್ತಕ ಕ್ಯಾನ್ಸಲ್.

ಅವಳು ಬುದ್ಧಿವಂತೆ. ಗೆರೆಯ ಸಹವಾಸವೇ ಬೇಡವೆಂದು ಹೊಸ ಏರ್ಪಾಡು ಮಾಡಿದಳು. ದಪ್ಪಕ್ಷರದಲ್ಲಿ ಇರುವುದನ್ನು ಎಲ್ಲರೂ ಹೇಳಬೇಕು. ಮಾಮೂಲಿ ಅಕ್ಷರದ್ದನ್ನು ಮೇಷ್ಟ್ರು ಮಾತ್ರ. ಓರೆ ಅಕ್ಷರದ್ದನ್ನು ಯಾರೂ ಹೇಳಬಾರದು, ಮಾಡಬೇಕು (‘ಈಗ ಹೂವು ಹಾಕುವುದು’ ಅಂತ ಇರುತ್ತದಲ್ಲ, ಅದು). ಅಚ್ಚುಕಟ್ಟಾಗಿತ್ತು. ಆದರೆ ಟೈಪ್ ಮಾಡಲು ಪುರುಸೊತ್ತಿಲ್ಲದೆ ಅವಳೂ ಇಂಟರ್‌ನೆಟ್ಟಿಗೇ ಕೈಹಾಕಿದ್ದಳು. ಪುಟದ ತುಂಬ ನೀಲಿ ನೀಲಿ ಲಿಂಕು!

ಮಂಡ್ಯದಲ್ಲಿ ನಾನು ಕುಕ್ಕರ್ ಇಡುತ್ತಿದ್ದಾಗ ಫೋನ್ ಬಂತು. “ಚಿಕ್ಕವ್ವ, ಲಿಂಕ್ ತೆಗೆದ್ರೆ ದಪ್ಪಕ್ಷರಾನೂ ಓಯ್ತದೆ. ಸಾಯಂಕಾಲ ಪ್ರೆಸ್ಸಿಗೆ ಕೊಡ್ಬೇಕು. ಅಪ್ಪ ಆಗ್ಲೇ ಕನ್ನಡಕ ಆಕ್ಕೊಂಡು ಕೂತವ್ರೆ. ಬಾ ಬೇಗ.”

ಕುಕ್ಕರನ್ನು ಯಜಮಾನರಿಗೆ ಒಪ್ಪಿಸಿ ಬಸ್ಸು ಹತ್ತಿದೆ. ವಾರವಾರ ಅಂಕಣ ಕುಟ್ಟುವವಳಿಗೆ ವರ್ಡ್ ಗೊತ್ತಿಲ್ಲದೆ ಇರುತ್ತದೆಯೇ ಎಂಬ ಜಂಭ ಬೇರೆ.

ಮದ್ದೂರು ಹತ್ತಿರದ ಕೊಪ್ಪದ ಅವರ ಮನೆ ಸೇರಿದಾಗ ಸುಜಾತ ಅಳುವುದೊಂದೇ ಬಾಕಿ. ಒಂದೊಂದೇ ಲಿಂಕಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ರಿಮೂವ್’ ಕೊಟ್ಟಿದ್ದಳು. ಲಿಂಕಿನ ಜೊತೆ ದಪ್ಪವೂ ಮಾಯ. ಸಿಟ್ಟಿಗೆ ಇಡೀ ಫೈಲಿಗೇ ‘ಕ್ಲಿಯರ್ ಫಾರ್ಮ್ಯಾಟಿಂಗ್’ ಹೊಡೆದಿದ್ದಳು; ನೀಲಿ ಹೋಯಿತು, ದಪ್ಪ ಹೋಯಿತು, ಓರೆ ಹೋಯಿತು. ಯಾರು ಯಾವುದನ್ನು ಹೇಳಬೇಕೆಂಬುದೇ ಗೊತ್ತಾಗದಂತೆ ಎಲ್ಲ ಒಂದೇ ಸಮ. ಪುಣ್ಯಕ್ಕೆ ಹಳೆಯ ಫೈಲು ವಾಟ್ಸಪ್‌ನಲ್ಲಿ ಉಳಿದಿತ್ತು.

“ಸರಿ ಬುಡು, ಅತ್ಲಾಗಿ,” ಎಂದರು ಭಾವ ಜಗುಲಿಯಿಂದ. “ನಾನ್ ಆವತ್ತೇ ಯೋಳ್ನಿಲ್ವಾ? ಸುಮ್ಕೆ ಯಾಕವ್ವ ತಲೆ ಕೆಡಿಸ್ಕೊಂಡೀಯಾ?”

ಆ ದನಿಯಲ್ಲಿ ಸಿಟ್ಟಿರಲಿಲ್ಲ. ಮತ್ತೆ ನಗೆಪಾಟಲಾಗುವ ಭಯ ಇತ್ತು.

ನಾವೆಲ್ಲ ಹೀಗೇ ಅಲ್ಲವೇ? ಎಲ್ಲೋ ಒಂದು ಕಡೆ ತಪ್ಪಾಗುತ್ತದೆ. ನಾಲ್ಕು ಜನ ನಗುತ್ತಾರೆ. ಆ ತಪ್ಪೊಂದನ್ನು ತೆಗೆಯುವ ಬದಲು ಇಡೀ ಬದುಕಿಗೇ ‘ಕ್ಲಿಯರ್ ಫಾರ್ಮ್ಯಾಟಿಂಗ್’ ಹೊಡೆದುಬಿಡುತ್ತೇವೆ. ನಮ್ಮ ಪಕ್ಕದ ಮನೆಯಾಕೆ ಒಮ್ಮೆ ಮಾರ್ಕೆಟ್ಟಿನೆದುರು ಸ್ಕೂಟಿಯಿಂದ ಬಿದ್ದರು, ನೋಡಿದವರು ನಕ್ಕರು. ಮಂಡಿಗೆ ಆದ ಗಾಯ ವಾರದಲ್ಲಿ ಮಾಯಿತು. ಸ್ಕೂಟಿ ಮಾತ್ರ ಇವತ್ತಿಗೂ ಶೆಡ್ಡಿನಲ್ಲಿ ಧೂಳು ತಿನ್ನುತ್ತಿದೆ. ನಕ್ಕವರಿಗೆ ಆ ಸಂಗತಿ ನೆನಪಾದರೂ ಇದೆಯೇ?

ಇರಲಿ, ಲ್ಯಾಪ್‌ಟಾಪಿಗೆ ಬರೋಣ.

ಹಳೆಯ ಫೈಲು ತೆಗೆದೆ. ಮೊದಲು ಅದರ ಕಾಪಿಯೊಂದನ್ನು ಇಟ್ಟುಕೊಂಡೆ. ಕಂಟ್ರೋಲ್ ಎ ಒತ್ತಿ ಎಲ್ಲವನ್ನೂ ಸೆಲೆಕ್ಟ್ ಮಾಡಿದೆ. ಆಮೇಲೆ ಕಂಟ್ರೋಲ್, ಶಿಫ್ಟ್, ಎಫ್ ನೈನ್, ಮೂರನ್ನೂ ಒಟ್ಟಿಗೆ. ಇದರಲ್ಲಿ ಲಿಂಕು, ಅದರ ನೀಲಿ ಮಾತ್ರ ಕಳಚುತ್ತವೆ; ದಪ್ಪ, ಓರೆ ಹಾಗೇ ಉಳಿಯುತ್ತವೆ. ಪತ್ರಿಕೆಯ ಡೆಸ್ಕಿನವರು ನನಗೆ ಬೈದು ಬೈದು ಕಲಿಸಿದ ವಿದ್ಯೆ ಇದು.

ಒತ್ತಿದೆ. ಲ್ಯಾಪ್‌ಟಾಪಿನ ಪರದೆ ಫಳಫಳ ಹೊಳೆಯಿತು. ಲಿಂಕು ಒಂದೂ ಅಲ್ಲಾಡಲಿಲ್ಲ.

“ಏನಮ್ಮ, ಲೈಟ್ ಆಕಕ್ಕೆ ಮಂಡ್ಯದಿಂದ ಬಂದ್ಯಾ?” ಎಂದರು ಭಾವ. ಜಂಭವೆಲ್ಲ ಇಳಿಯಿತು.

ಆಮೇಲೆ ಹೊಳೆಯಿತು. ಅವಳ ಲ್ಯಾಪ್‌ಟಾಪಿನಲ್ಲಿ ಎಫ್ ನೈನ್ ಕೀಗೆ ಪರದೆಯ ಬೆಳಕು ಹೆಚ್ಚಿಸುವ ಕೆಲಸವೂ ಇದೆ. ಜೊತೆಗೆ ಎಫ್‌ಎನ್ ಕೀಯನ್ನೂ ಅದುಮಬೇಕು. ಬೆರಳು ಸಾಲದೆ ಸುಜಾತಳ ಕೈಯನ್ನೂ ಸೇರಿಸಿಕೊಂಡೆ. ನಾಲ್ಕು ಕೀ, ಎರಡು ಹೆಂಗಸರು, ಒಂದೇ ಏಟು.

ನೀಲಿಯೆಲ್ಲ ಒಮ್ಮೆಗೇ ಹೋಯಿತು. ದಪ್ಪದ್ದು ದಪ್ಪಗೇ ಇತ್ತು, ಓರೆಯದ್ದು ಓರೆಯಾಗೇ ಇತ್ತು. “ಅಯ್ಯೋ ಚಿಕ್ಕವ್ವಾ!” ಎಂದು ಸುಜಾತ ನನ್ನ ಕುತ್ತಿಗೆ ಹಿಡಿದುಕೊಂಡಳು. ಉಸಿರುಗಟ್ಟಿತು, ಖುಷಿಯೂ ಆಯಿತು.

ಆದರೆ ಒಂದು ಮಾತು. ಲಿಂಕು ಕಳಚಿದರೂ ಮಾತು ಉಳಿಯುತ್ತದೆ. ‘ಇಲ್ಲಿ ಕ್ಲಿಕ್ ಮಾಡಿ’ ಈಗ ಕಪ್ಪು ಅಕ್ಷರದಲ್ಲಿ, ಸಂಭಾವಿತನಂತೆ ಕೂತಿರುತ್ತದೆ. ಅಂಥ ಮಾತು ಯಾವ್ಯಾವ ವೇಷದಲ್ಲಿ ಅಡಗಿದೆಯೋ, ಅದಕ್ಕೆ ಕೀ ಸಾಲದು, ಕಣ್ಣೇ ಆಗಬೇಕು. “ಭಾವ, ನೀವೇ ಜೋರಾಗಿ ಓದಿ. ತಪ್ಪು ಸಿಕ್ಕಿದ ಕಡೆ ನಿಲ್ಲಿಸಿ,” ಎಂದೆ.

ತಪ್ಪು ಹಿಡಿಯಲೆಂದೇ ಕೂತ ಮನುಷ್ಯ ಓದತೊಡಗಿದರು. ಮೊದಲ ಪುಟ ಇನ್‌ಸ್ಪೆಕ್ಷನ್ ಥರ ಗಡಸಾಗಿತ್ತು. ಎರಡು ಕಡೆ ಸಿಕ್ಕಿತು, ಅಳಿಸಿದೆವು. ಬರುಬರುತ್ತ ದನಿ ಮೆತ್ತಗಾಯಿತು. ಪಂಚಶೀಲಕ್ಕೆ ಬಂದಾಗ ಅವರ ಕಣ್ಣು ಪರದೆಯ ಮೇಲಿರಲಿಲ್ಲ, ಮಗಳ ಮೇಲಿತ್ತು. ಅವಳು ತುಟಿ ಅಲ್ಲಾಡಿಸುತ್ತ ಜೊತೆಗೇ ಹೇಳುತ್ತಿದ್ದಳು. ಒಳಗಿನಿಂದ ಅಕ್ಕನೂ ಸೌಟು ಹಿಡಿದೇ ಬಂದು ನಿಂತಳು. ಮುಗಿದ ಮೇಲೆ ಭಾವ ಕನ್ನಡಕ ತೆಗೆದು ಒರೆಸಿಕೊಂಡು, “ಊಂ, ಕೊಟ್ಬುಡು ಪ್ರೆಸ್ಸಿಗೆ,” ಎಂದರು. ಆಮೇಲೆ ನೆನಪಾದವರಂತೆ, “ನಾನ್ ಮಾತ್ರ ಯೋಳಕಿಲ್ಲ,” ಎಂದು ಸೇರಿಸಿದರು.

ಕಳೆದ ಭಾನುವಾರ ಮದುವೆ ಆಯಿತು. ಬಾಗಿಲಲ್ಲಿ ಪುಸ್ತಕ ಹಂಚಿದರು. ಫ್ಯಾಕ್ಟರಿಯ ಅದೇ ಮಿತ್ರಮಂಡಳಿ ಮುಂದಿನ ಸಾಲಿನಲ್ಲೇ ಕೂತು, ಎಲ್ಲಿ ಕ್ಲಿಕ್ ಬರುತ್ತದೋ ಎಂದು ಪುಟ ತಡಕುತ್ತಿತ್ತು. ಮೇಷ್ಟ್ರು ಹೇಳಿದರು, “ದಪ್ಪಕ್ಷರ ಇರೋದನ್ನ ಎಲ್ಲರೂ ಒಟ್ಟಿಗೆ ಹೇಳಿ.”

ಹೇಳಿದೆವು. ಇಡೀ ಭವನವೇ ಹೇಳಿತು. ತಡಕುತ್ತಿದ್ದವರೂ ಹೇಳಿದರು. ಭಾವ ಬಾಯಿ ಬಿಗಿದು ನಿಂತಿದ್ದರು. ಸುಜಾತ ಒಮ್ಮೆ ಓರೆಗಣ್ಣಿನಲ್ಲಿ ಅಪ್ಪನನ್ನು ನೋಡಿದಳು. ಅಷ್ಟೇ. ಪುಸ್ತಕದ ಮುಂದಿನ ಸಾಲಿಗೆ ಎಲ್ಲರಿಗಿಂತ ದೊಡ್ಡ ದನಿ ಭಾವನದೇ!

ಶುರುವಾದದ್ದು ನಿಲ್ಲಲೇ ಇಲ್ಲ. ದಪ್ಪಕ್ಷರ ಮುಗಿಯಿತು, ನಾವೆಲ್ಲ ಸುಮ್ಮನಾದೆವು. ಭಾವ ಮಾತ್ರ ಮೇಷ್ಟ್ರ ಪಾಲಿನ ಸಾಲುಗಳನ್ನೂ ಮೇಷ್ಟ್ರ ಜೊತೆಗೇ ಹೇಳುತ್ತ ಹೋದರು. ಜನ ಮುಸಿಮುಸಿ ನಕ್ಕರು. ಈ ಸಲ ಭಾವನೂ ನಕ್ಕರು, ಕಣ್ಣಲ್ಲಿ ನೀರು ತುಂಬಿಕೊಂಡೇ.

ಸುಜಾತ ಬಗ್ಗಿ ಪಿಸುಗುಟ್ಟಿದಳು, “ಅಪ್ಪ, ಅದು ದಪ್ಪಕ್ಷರ ಅಲ್ಲ.”

“ನನ್ ಮಗಳ ಮದ್ವೆ ಕಣವ್ವ. ನಂಗೆಲ್ಲಾ ದಪ್ಪಕ್ಸರವೇ.”