ಹಾಕದೇ ಉಳಿದ ಗೌನು

ಮೊನ್ನೆ ಕಪ್ಪು ಬಟ್ಟೆ ಹುಡುಕಲು ಅಂಗಡಿಯ ಬೀರು ತೆಗೆದೆ. ನುಸಿಗುಳಿಗೆಯ ವಾಸನೆ ಮುಖಕ್ಕೆ ಹೊಡೆಯಿತು. ಕೈಗೆ ಸಿಕ್ಕಿದ್ದು ಆ ಗೌನು...

ಅದರ ಅಳತೆ ತೆಗೆದ ಭಾನುವಾರ ಕೆ.ಜಿ.ಎಫ್.ನ ನಮ್ಮ ಹೊಲಿಗೆ ಅಂಗಡಿಯಲ್ಲಿ ನಾಲ್ವರಿದ್ದೆವು. ಟೇಪು ಹಿಡಿದ ಅಪ್ಪ, ಕಾಜಾ ಹಾಕುತ್ತಿದ್ದ ನಾನು, ಕೋರ್ಟಿನ ಶಿರಸ್ತೇದಾರರು, ಅವರು ಬಲವಂತವಾಗಿ ಕರೆತಂದಿದ್ದ ಜಡ್ಜ್ ಸಾಹೇಬರು. ಹೈಕೋರ್ಟಿನ ಜಡ್ಜ್ ಹುದ್ದೆಗೆ ಶಿಫಾರಸಾದವರ ಪಟ್ಟಿಯಲ್ಲಿ ಸಾಹೇಬರ ಹೆಸರಿತ್ತು.

ಮೀಸೆ ಕಪ್ಪಿದ್ದಾಗ ಮುನ್ಸಿಫರಾಗಿ ಕೆ.ಜಿ.ಎಫ್.ಗೆ ಬಂದಿದ್ದವರು, ಊರೂರು ಸುತ್ತಿ, ತಲೆ ನರೆತ ಮೇಲೆ ಜಿಲ್ಲಾ ನ್ಯಾಯಾಧೀಶರಾಗಿ ಮತ್ತೆ ಇಲ್ಲಿಗೇ ಬಂದಿದ್ದರು. ತೀರ್ಪು ಓದಿದ ಮೇಲೆ ಸೋತವರನ್ನು ಹತ್ತಿರ ಕರೆದು, ತಮಿಳೋ ತೆಲುಗೋ ಕನ್ನಡವೋ ಅವರಿಗೆ ಬರುವ ಮಾತಿನಲ್ಲೇ, ಯಾಕೆ ಸೋತಿರಿ ಎಂದು ಬಿಡಿಸಿ ಹೇಳುವುದು ಅವರ ಪದ್ಧತಿ. ಚಾಂಪಿಯನ್ ರೀಫ್ಸ್‌ನ ಗಣಿ ಕಾಲೊನಿಯ ಅಜ್ಜಿಯೊಬ್ಬರು ಮನೆಯ ಕೇಸು ಸೋತು ನಮ್ಮ ಅಂಗಡಿ ಮುಂದೆ ನಿಂತು ಹೇಳಿದ್ದು ಇನ್ನೂ ಕಿವಿಯಲ್ಲಿದೆ: "ಮನೆ ಓಯ್ತು ಕಣಪ್ಪಾ. ಯಾಕೋಯ್ತು ಅನ್ನೋದಾದ್ರೂ ಗೊತ್ತಾಯ್ತು. ಇವತ್ತು ನಿದ್ದೆ ಬತ್ತದೆ."

"ಆದೇಶ ಇನ್ನೂ ಬಂದಿಲ್ಲ ಕಣ್ರೀ," ಎಂದು ಸಾಹೇಬರು ಅಂದೂ ಹಿಂಜರಿದರು.

"ಬಂದೇ ಬರುತ್ತೆ ಸಾರ್. ಬೆಂಗಳೂರಲ್ಲಿ ಹೊಲ್ಸಿದ್ರೆ ಭುಜ ಹಿಂಗೆ ಕೂರುತ್ತಾ? ಮಾಸ್ಟ್ರೇ, ನೀವಾದ್ರೂ ಹೇಳ್ರಿ," ಎಂದರು ಶಿರಸ್ತೇದಾರರು.

ಆದೇಶದ ಕಾಗದ ಕಣ್ಣಾರೆ ನೋಡದೆ ಅಪ್ಪ ಯಾರಿಗೂ ಕೋರ್ಟಿನ ಬಟ್ಟೆ ಕತ್ತರಿಸಿದವರಲ್ಲ. ಅದು ನಮ್ಮ ಅಂಗಡಿಯ ಕಟ್ಟುನಿಟ್ಟು. ಅವತ್ತು ಮಾತ್ರ ಪ್ರೀತಿ ಉಕ್ಕಿತೇನೋ... "ಕೈ ಎತ್ತಿ ಸಾಮಿ," ಎಂದು ಟೇಪು ಬಿಚ್ಚಿಬಿಟ್ಟರು.

ಗೌನು ಸಿದ್ಧವಾಯಿತು. ನೇಮಕದ ಪಟ್ಟಿಯೂ ಬಂತು. ಅದರಲ್ಲಿ ಸಾಹೇಬರ ಹೆಸರು ಇರಲಿಲ್ಲ.

ಶಿರಸ್ತೇದಾರರು ಬಹಳ ದಿನ ನಮ್ಮ ಬೀದಿಗೇ ಕಾಲಿಡಲಿಲ್ಲ. ಸಾಹೇಬರು ಒಬ್ಬರೇ ಬಂದರು. ಅಪ್ಪ ತಲೆ ಎತ್ತಲಿಲ್ಲ. "ಆತ್ರಬಿದ್ದು ಕತ್ರಿ ಆಡ್ಸಿದ್ದು ನಾನು ಸಾಮಿ. ತಪ್ಪಾಯ್ತು."

"ನಿಮ್ಮ ಕತ್ತರಿ ಏನು ಮಾಡ್ತು, ಬಿಡಿ," ಎಂದು ಸ್ಟೂಲಿನ ಮೇಲೆ ಕೂತರು. "ಯಾಕೆ ಅಂತ ಒಂದು ಸಾಲು ತಿಳಿಸಿದ್ರೆ ಸಾಕಿತ್ತು ಮಾಸ್ಟ್ರೇ. ನಾನು ಯಾರನ್ನೂ ಹಾಗೆ ಕಳಿಸಿದವನಲ್ಲ..."

ಆಮೇಲೆ ಚೀಲದಿಂದ ಹಳೆಯ ಕೋಟು ತೆಗೆದು, ಮೊಣಕೈ ಹತ್ತಿರ ರಫು ಮಾಡಿಸಿಕೊಂಡು ಹೋದರು. ನಿವೃತ್ತರಾಗುವವರೆಗೂ ಅದನ್ನೇ ಹಾಕಿದರು. ಸೋತವರನ್ನು ಹತ್ತಿರ ಕರೆಯುವುದನ್ನೂ ಬಿಡಲಿಲ್ಲವಂತೆ. ಗೌನನ್ನು ಮಾತ್ರ ಅಪ್ಪ ಯಾರಿಗೂ ಕೊಡಲಿಲ್ಲ. ಈಗ ಸಾಹೇಬರೂ ಇಲ್ಲ, ಅಪ್ಪನೂ ಇಲ್ಲ.

ಮೊನ್ನೆ ಕಪ್ಪು ಬಟ್ಟೆ ಕೇಳಿಕೊಂಡು ಬಂದವಳು ಪಕ್ಕದ ಊರಿಗಾಂನ ಹೊಸ ವಕೀಲೆ. ಹೈಕೋರ್ಟಿನಲ್ಲಿ ಅವಳ ಮೊದಲ ಕೇಸು. ಗೌನು ನೋಡಿ, "ಯಾರ್ದು ಅಣ್ಣಾ ಇದು? ಹೊಸದಂಗೇ ಇದೆ!" ಎಂದಳು. ಹೇಳಿದೆ.

"ಅಯ್ಯೋ... ಯಾಕೆ ಸಿಗ್ಲಿಲ್ಲ ಅವ್ರಿಗೆ?"

"ಗೊತ್ತಿಲ್ಲಮ್ಮಾ. ಅವ್ರಿಗೂ ಗೊತ್ತಾಗ್ಲಿಲ್ಲ."

ಅವಳು ಗೌನಿನ ಭುಜ ಸವರಿದಳು. ನಾನು ಜಡ್ಜ್ ಗೌನಿನ ತೋಳು ಬಿಚ್ಚಿ ಗಿಡ್ಡ ಮಾಡಿ, ಅಂಚನ್ನು ನಾಲ್ಕು ಬೆರಳು ಮೇಲೆ ಮಡಚಿ, ವಕೀಲರ ಗೌನು ಮಾಡಿಕೊಟ್ಟೆ. ಅಪ್ಪ ಹೊಲಿದ ಭುಜ ಮುಟ್ಟಲಿಲ್ಲ. ಸೋಮವಾರ ಬೆಳಿಗ್ಗೆ ಅವಳು ಅದನ್ನು ಕೈಮೇಲೆ ಹಾಕಿಕೊಂಡು ಬೆಂಗಳೂರಿನ ರೈಲು ಹತ್ತಿದಳು.