ಗುಡಾಕಿನ ಹೆಪ್ಪು

ಮದುವೆಯಾಗಿ ಸೊರಬಕ್ಕೆ ಬಂದ ಮೊದಲ ವರ್ಷವೆಲ್ಲ ನಾನು ಸೀನಿದ್ದೇ ಸೀನಿದ್ದು. ಬೀದಿಯ ಕಡೆಗೆ ಅಂಗಡಿ, ಅದರ ಹಿಂದೆ ಹೊಗೆಸೊಪ್ಪು ಕಲಸುವ ಕೋಣೆ, ಅದರ ಹಿಂದೆ ನಮ್ಮ ಸಂಸಾರ. ಆ ಘಾಟು ಹಾಲಿನ ಪಾತ್ರೆಯನ್ನೂ ಬಿಡುತ್ತಿರಲಿಲ್ಲ. ತವರಿಗೆ ಹೋದರೆ ನನ್ನ ಸೀರೆ ಮೂಸಿ ಅಕ್ಕಂದಿರು ನಗುತ್ತಿದ್ದರು.

ನಮ್ಮದು ಗುಡಾಕಿನ ಅಂಗಡಿ. ಈಗಿನವರಿಗೆ ಗುಡಾಕು ಎಂದರೆ ಗೊತ್ತಾಗಲಿಕ್ಕಿಲ್ಲ. ಒಣಗಿದ ಹೊಗೆಸೊಪ್ಪನ್ನು ಕುಟ್ಟಿ, ಬೆಲ್ಲದ ಪಾಕ, ಕಳಿತ ಬಾಳೆಹಣ್ಣು, ಒಂದಿಷ್ಟು ಲವಂಗದ ಪುಡಿ ಹಾಕಿ ನಾದಿದ ಕಪ್ಪು ಮುದ್ದೆ ಅದು. ಗುಡುಗುಡಿಯವರು, ಚಿಲುಮೆಯವರು ಅದರ ಮೇಲೆ ಕೆಂಡವಿಟ್ಟು ಸೇದುತ್ತಿದ್ದರು. ನಾದುವುದು ನಮ್ಮತ್ತೆಯ ಕೆಲಸ. ಮೊಸರಿಗೆ ಹೆಪ್ಪು ಹಾಕುವ ಹಾಗೆ ಅವರು ಪ್ರತಿ ಸಲವೂ ಹಳೆಯ ಗುಡಾಕನ್ನು ಒಂದು ಪಾಲು ಹೊಸದಕ್ಕೆ ಸೇರಿಸುತ್ತಿದ್ದರು. ನಾದಿ ಹದಕ್ಕೆ ಬಂದ ಮೇಲೆ ಅಷ್ಟನ್ನೇ ತೆಗೆದು ಗಡಿಗೆಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ಮೂಲೆಗಿಡುವರು. ಅದಕ್ಕೂ ಹೆಪ್ಪು ಎಂದೇ ಹೆಸರು. ಬೆಲ್ಲ, ಸೊಪ್ಪು ಯಾವ ಅಂಗಡಿಯಲ್ಲಾದರೂ ಸಿಗುತ್ತಿತ್ತು. ಜನ ನಮ್ಮಲ್ಲಿಗೆ ಬರುತ್ತಿದ್ದುದು ಆ ಗಡಿಗೆಯ ದೆಸೆಯಿಂದ.

ಐವತ್ತರ ದಶಕ ಮುಗಿಯುತ್ತ ಬಂದಿತ್ತು. ಹೊಗೆಸೊಪ್ಪಿನ ಮೇಲೆ ಸುಂಕ ಮೊದಲೇ ಇತ್ತು. ಹಳ್ಳಿ ಮೂಲೆಯ ಅಂಗಡಿಗಳನ್ನು ಯಾರೂ ಅಷ್ಟಾಗಿ ಕೇಳುತ್ತಿರಲಿಲ್ಲ, ಅಷ್ಟೇ. ಆ ವರ್ಷಗಳಲ್ಲಿ ಕೇಳತೊಡಗಿದರು. ಅಂಗಡಿಗೆ ಲೈಸೆನ್ಸು, ಕಲಸುವ ಕೋಣೆಗೆ ಬೇರೆ ಬಾಗಿಲು, ಬೇರೆ ಬೀಗ. ನಮಗೆ ಸೊಪ್ಪು ಬರುತ್ತಿದ್ದುದು ಶಿಕಾರಿಪುರದ ಒಬ್ಬ ಸಾಹೇಬರ ಮಂಡಿಯಿಂದ. ಆ ಸೊಪ್ಪು ಸೊರಬದ ರಸ್ತೆ ಹಿಡಿಯಬೇಕಾದರೆ ಪರ್ಮಿಟ್ಟು ಬೇಕು, ಪರ್ಮಿಟ್ಟಿನಲ್ಲಿ ಬರೆದ ದಿನವೇ ಬರಬೇಕು. ಮಳೆಯಲ್ಲಿ ಬಸ್ಸು ಹೂತುಕೊಂಡರೆ ಪರ್ಮಿಟ್ಟು ಸತ್ತಿತು. ಮತ್ತೆ ಹೋಗಿ ಸುಂಕದ ಆಫೀಸಿನ ಬೆಂಚು ಕಾಯಬೇಕು. ನಮ್ಮ ಯಜಮಾನರು ಎಷ್ಟೋ ಸಲ ಒದ್ದೆ ಮೂಟೆಯ ಪಕ್ಕದಲ್ಲಿ ಕೂತು ಹೊತ್ತು ಕಳೆದು, ಮನೆಗೆ ಬಂದು ಊಟವೂ ಬೇಡವೆಂದು ಮಲಗಿಬಿಡುತ್ತಿದ್ದರು. ಸೊಪ್ಪಿಗೆ ಕಾನೂನು ತಿಳಿಯುತ್ತದೆಯೇ? ಮಳೆಗಾಲದಲ್ಲಿ ಥಂಡಿ ಹೀರಿ ತೂಕ ಏರುತ್ತಿತ್ತು. ಕಳ್ಳ ಮಾಲು ಸೇರಿಸಿದಿರಿ ಅನ್ನುವರು ಸುಂಕದವರು. ಬೇಸಿಗೆಯಲ್ಲಿ ಒಣಗಿ ಇಳಿಯುತ್ತಿತ್ತು. ಕದ್ದು ಮಾರಿದಿರಿ ಅನ್ನುವರು. ಯಜಮಾನರಿಗೆ ಉತ್ತರ ಕೊಟ್ಟೂ ಕೊಟ್ಟೂ ಸಾಕುಸಾಕಾಗಿ ಹೋಗಿತ್ತು. ಅಕ್ಕಪಕ್ಕದ ಸಣ್ಣ ಅಂಗಡಿಯವರು ಒಬ್ಬೊಬ್ಬರಾಗಿ ಗುಡಾಕು ಬಿಟ್ಟು ಕಟ್ಟು ಬೀಡಿ ತಂದು ಮಾರಲು ಶುರುಮಾಡಿದ್ದರು.

ತಪಾಸಣೆಗೆ ಬರುತ್ತಿದ್ದ ಹೊಗೆಸೊಪ್ಪಿನ ಇನ್ಸ್‌ಪೆಕ್ಟರು ಕೆಟ್ಟ ಮನುಷ್ಯನೇನಲ್ಲ. ಅದನ್ನು ಹೇಳಲೇಬೇಕು. ಬಸ್ಸಿಳಿದು ಬಂದು, ಅಂಗಡಿಯ ಕಟ್ಟೆಯ ಮೇಲೆ ಕೂತು ಕೆಂಪು ಧೂಳು ಒರೆಸಿಕೊಂಡು, ಮೊದಲು ನೀರು ಕೇಳುವರು. ಅವರಿಗೂ ಈ ತಿರುಗಾಟ ಬೇಸರ ಬಂದಿರುವುದು ಮುಖ ನೋಡಿದರೆ ಗೊತ್ತಾಗುತ್ತಿತ್ತು. ಒಂದು ದಿನ ಹಾಗೆ ಬಂದಾಗ ಮಾಲೆಲ್ಲ ತೂಗಿ ಆಯಿತು, ಲೆಕ್ಕವೂ ಸರಿಹೋಯಿತು. ಏಳುವ ಹೊತ್ತಿಗೆ ಮೂಲೆಯ ಗಡಿಗೆ ಕಣ್ಣಿಗೆ ಬಿತ್ತು. ಬಟ್ಟೆ ಬಿಚ್ಚಿ ನೋಡಿ, ಇದು ಯಾವಾಗ ಕಲಸಿದ್ದು ಎಂದು ಅತ್ತೆಯನ್ನು ಕೇಳಿದರು.

ಹೋದ ತಿಂಗಳದ್ದು ಎಂದಿದ್ದರೆ ಮುಗಿದುಹೋಗುತ್ತಿತ್ತು. ಹೋದ ತಿಂಗಳ ಮಾಲಿನಲ್ಲಿ ಉಳಿದದ್ದು ಎಂದು ಬರೆದುಕೊಂಡು ಅವರು ಬಸ್ಸಿಗೆ ಹೋಗುತ್ತಿದ್ದರು. ಯಜಮಾನರು ಅವರ ಬೆನ್ನ ಹಿಂದೆ ನಿಂತು ತಾಯಿಗೆ ಕಣ್ಣುಸನ್ನೆ ಮಾಡಿದ್ದೇ ಮಾಡಿದ್ದು. ಆದರೆ ಗುಡಾಕಿನವರ ಮುಂದೆ ಹೊಸದು ಎನ್ನುವುದು ಬೈಗುಳ ಇದ್ದ ಹಾಗೆ. ಹೊಸ ಗುಡಾಕು ಗಂಟಲು ಕೆರೆಯುತ್ತದೆ, ಕೆಮ್ಮು ಬರಿಸುತ್ತದೆ. ತಮ್ಮ ಮಾಲಿನ ಮೇಲೆ ಇನ್ಸ್‌ಪೆಕ್ಟರಿಗೆ ಅನುಮಾನ ಬಂತೆಂದು ತಿಳಿದು ಅತ್ತೆ ಸೆರಗು ಸರಿಮಾಡಿಕೊಂಡು ನೆಟ್ಟಗೆ ನಿಂತರು.

"ಮೊನ್ನೆ ಮೊನ್ನೆದು ಅಂತ ತಿಳ್ಕಂಡ್ರೇನ್ರೀ? ನಮ್ಮ ಮಾವನೋರ ಕಾಲದ್ದು ಇದು. ನಾನು ಈ ಮನೆಗೆ ಕಾಲಿಡೋ ಮುಂಚೆಯಿಂದ ಐತೆ."

ಇನ್ಸ್‌ಪೆಕ್ಟರು ಬಟ್ಟೆಯನ್ನು ಗಡಿಗೆಯ ಬಾಯಿಗೆ ಮತ್ತೆ ಹೊದಿಸಿದರು. ಆಮೇಲೆ ತಗ್ಗಿದ ದನಿಯಲ್ಲೇ, "ಹಂಗಾದ್ರೆ ಇದಕ್ಕೆ ಯಾರೂ ಸುಂಕ ಕಟ್ಟಿಲ್ಲ ತಾಯಿ," ಎಂದರು.

ಅತ್ತೆಗೆ ಅರ್ಥವೇ ಆಗಲಿಲ್ಲ. ಹಳೆಯದೆಂದರೆ ಹೆಚ್ಚಿನದು ಎಂದು ಬದುಕಿದವರು ಅವರು. ಹಳೆಯದೆಂದರೆ ತಪ್ಪಿನದು ಎಂದು ಅವರಿಗೆ ಯಾರು ಹೇಳಿದ್ದರು? ಯಜಮಾನರು ಕೈ ಮುಗಿದು, ಈಗಲೇ ಸುಂಕ ಕಟ್ಟುತ್ತೇವೆ ಎಂದರು. ಇನ್ಸ್‌ಪೆಕ್ಟರು ತಲೆಯಾಡಿಸಿದರು. ಯಾವ ಊರಿನ ಸೊಪ್ಪು, ಯಾವ ವರ್ಷದ್ದು, ಯಾರ ಮಂಡಿಯಿಂದ ಬಂದದ್ದು ಎಂದು ಬರೆಯುವುದು? ನೂರಾರು ಸಲ ನಾದಿದ್ದರಲ್ಲಿ ಎಲ್ಲ ಸೊಪ್ಪೂ ಇತ್ತು. ಗಡಿಗೆಗೆ ಅರಗಿನ ಮುದ್ರೆ ಒತ್ತಿ ಹೋದರು.

ಆಮೇಲೆ ಶಿಕಾರಿಪುರದ ಆಫೀಸಿಗೆ ಅಲೆದಾಟ. ಒಂದು ಸಲ ನಾನೂ ಜೊತೆಗೆ ಹೋಗಿದ್ದೆ. ಅಲ್ಲಿನ ಮೇಲಧಿಕಾರಿ ಅರ್ಜಿ ಓದಿ, ಹೆಪ್ಪು ಎಂದರೇನು ಎಂದು ಕೇಳಿದರು. ಯಜಮಾನರು ಮೊಸರಿನ ಹೋಲಿಕೆ ಕೊಟ್ಟು ಹೇಳಿದರು. ಮೊಸರಿನ ಕಾನೂನು ತಮ್ಮ ಕೈಯಲ್ಲಿಲ್ಲ, ಹೊಗೆಸೊಪ್ಪಿನದ್ದು ಮಾತ್ರ ಇದೆ ಎಂದು ನಕ್ಕರು ಅವರು. ನಾನು ಮುಖ ತಿರುಗಿಸಿದೆ. ಯಜಮಾನರು ಮಾತ್ರ ಅವರ ಜೊತೆಗೆ ತಾವೂ ಸ್ವಲ್ಪ ನಕ್ಕರು, ಪಾಪ. ಕೊನೆಗೆ ಹುಕುಂ ಬಂತು: ದಂಡ ಹಾಕುವುದಿಲ್ಲ, ಮಾಲು ನಾಶ ಮಾಡಬೇಕು. ಇನ್ನೊಂದು ಸಲ ಸುಂಕ ಕಟ್ಟದ ಮಾಲು ಸಿಕ್ಕಿದರೆ ಲೈಸೆನ್ಸು ರದ್ದು.

ನಾಶವೆಂದರೆ ಹಿತ್ತಲಿನಲ್ಲಿ ಗುಂಡಿ ತೋಡಿ ಸಗಣಿಯ ಜೊತೆ ಕಲಸಿ ಮುಚ್ಚುವುದು. ಇನ್ಸ್‌ಪೆಕ್ಟರು ಕರವಸ್ತ್ರ ಹಿಡಿದು ದೂರ ನಿಂತಿದ್ದರು. ಯಜಮಾನರೇ ಕಲಸಲು ಹೋದರೆ ಅತ್ತೆ ಬಿಡಲಿಲ್ಲ, ತಾವೇ ಕೂತರು. ಗುಡಾಕು ನಾದುವ ಹಾಗೆಯೇ ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದಿದರು. ಅಷ್ಟು ಹದವಾಗಿ ಕಲಸುವುದು ಬೇಕಿರಲಿಲ್ಲ; ಅದನ್ನು ನೋಡಲಾರದೆ ನಾನು ಒಳಗೆ ಬಂದೆ.

ಅಲೆದಾಟ ಮುಗಿಯುವಷ್ಟರಲ್ಲಿ ಅಂಗಡಿಯಲ್ಲಿದ್ದ ಹಳೆಯ ಗುಡಾಕೆಲ್ಲ ಮಾರಿಹೋಗಿತ್ತು. ಹೆಪ್ಪಿಲ್ಲದ ಗುಡಾಕು ಗುಡಾಕಾಗಲಿಲ್ಲ. ಅತ್ತೆ ಬೆಲ್ಲ ಬದಲಿಸಿದರು, ಸೊಪ್ಪು ಬದಲಿಸಿದರು, ಹೆಚ್ಚು ದಿನ ಮುಚ್ಚಿಟ್ಟು ನೋಡಿದರು. ಖಾಯಂ ಗಿರಾಕಿಗಳು ಒಂದು ಸಲ ಒಯ್ದವರು ಮುಂದಿನ ಸಲ ಬರೀ ಮಾತಾಡಿಸಿಕೊಂಡು ಹೋಗುತ್ತಿದ್ದರು. ಮನೆಯಲ್ಲಿ ಯಾರೂ ಯಾರನ್ನೂ ಬೈಯಲಿಲ್ಲ. ಬೈದಿದ್ದರೆ ಸ್ವಲ್ಪ ಹಗುರಾಗುತ್ತಿತ್ತೇನೋ.

ಹೀಗಿರುವಾಗ ಒಂದು ಮಧ್ಯಾಹ್ನ ಜಡೆ ಊರಿನ ಕಡೆಯ ಒಬ್ಬ ಮುದುಕರು ಬಂದರು. ಬಹಳ ದಿನ ಕಾಯಿಲೆ ಬಿದ್ದಿದ್ದರಂತೆ, ಗುಡುಗುಡಿ ಮುಟ್ಟಿರಲಿಲ್ಲವಂತೆ. ನಮ್ಮ ಸುದ್ದಿ ಅವರಿಗೆ ಬಸ್ಸಿನಲ್ಲಿ ಯಾರೋ ಹೇಳಿದ್ದರು. ಸೊಂಟದಿಂದ ಬಾಳೆಪಟ್ಟೆಯ ಪೊಟ್ಟಣ ತೆಗೆದು ಬಿಚ್ಚಿದರು. ನಿಂಬೆಹಣ್ಣಿನಷ್ಟು ಗುಡಾಕು, ನಮ್ಮದೇ, ಗುಂಡಿಗೆ ಹೋಗುವುದಕ್ಕಿಂತ ಮೊದಲಿನದು. ಮೇಲೆ ಒಣಗಿತ್ತು; ಉಗುರಿನಿಂದ ಕೆರೆದರೆ ಒಳಗೆ ಇನ್ನೂ ಜಿಗುಟು, ಅದೇ ವಾಸನೆ. ಹೆಪ್ಪಿಗೆ ಇಷ್ಟು ಸಾಕೇನೋ ನೋಡು ತಂಗಿ ಎಂದು ಅತ್ತೆಯ ಕಡೆ ಚಾಚಿದರು.

ಅತ್ತೆಯ ಮುಖದಲ್ಲಿ ಅಂಥ ಸಂತೋಷವನ್ನು ನಾನು ಮೊದಲು ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ. ಎರಡೂ ಕೈ ಒಡ್ಡಿದರು. ಅಷ್ಟರಲ್ಲಿ ಯಜಮಾನರು ಗಲ್ಲೆಪೆಟ್ಟಿಗೆಯ ಹಿಂದಿನಿಂದ ಎದ್ದು ಬಂದು ನಡುವೆ ನಿಂತರು.

"ಅಜ್ಜಾ, ಇದಕ್ಕೆ ಸುಂಕ ಕಟ್ಟಿದ ಚೀಟಿ ಐತಾ?"

ಮುದುಕರು ಗಲಿಬಿಲಿಗೊಂಡು ಇವರ ಮುಖ ನೋಡಿದರು. "ನಿಮ್ಮನೇದೇ ಅಲ್ವಾ ತಮ್ಮಾ. ನೀನೇ ಅಲ್ವಾ ಕೊಟ್ಟಿದ್ದು," ಎಂದರು.

ಚೀಟಿಯಿಲ್ಲದ ಮಾಲು ಆ ಬಾಗಿಲು ದಾಟಿ ಒಳಗೆ ಬರುವಂತಿಲ್ಲ ಎಂದರು ಯಜಮಾನರು. ದನಿ ಗಟ್ಟಿಯಿರಲಿಲ್ಲ. ಆ ಇನ್ಸ್‌ಪೆಕ್ಟರ ಹಾಗೆಯೇ ತಗ್ಗಿಸಿ ಹೇಳಿದರು, ಕಣ್ಣೆತ್ತದೆ ಹೇಳಿದರು. ಲೈಸೆನ್ಸು ಹೋದರೆ ನಮಗೆ ಬೇರೆ ಗತಿಯಿರಲಿಲ್ಲ. ಅದು ನನಗೂ ಗೊತ್ತಿತ್ತು, ಅತ್ತೆಗೂ ಗೊತ್ತಿತ್ತು. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಸಿಟ್ಟು ಬರುವಷ್ಟು ಶಕ್ತಿ ನಮ್ಮ ಮನೆಯಲ್ಲಿ ಯಾರಿಗೂ ಉಳಿದಿರಲಿಲ್ಲ.

ಅತ್ತೆ ಒಡ್ಡಿದ್ದ ಕೈಗಳನ್ನು ಹಿಂದಕ್ಕೆ ತೆಗೆದುಕೊಂಡರು. ಮಗನ ಕಡೆ ತಿರುಗಿದರು. "ಇನ್ನು ಆ ಇನ್ಸ್‌ಪೆಕ್ಟರು ಬರೋದು ಬ್ಯಾಡ ಬಿಡು ಮಗಾ," ಎಂದರು, "ನೀನೇ ಇದ್ದೀಯಲ್ಲ."

ಯಜಮಾನರು ಆ ಬಾಳೆಪಟ್ಟೆಯನ್ನು ತಾವೇ ಮಡಿಸಿ, ತಾವೇ ದಾರ ಸುತ್ತಿ, ಮುದುಕರ ಕೈಗೆ ಕೊಟ್ಟರು. ಅಂಗಡಿಗೆ ಬೀಡಿ ಕಟ್ಟುಗಳು ಬಂದದ್ದು ಅದರ ಮುಂದಿನ ವಾರ.